ಸ್ವಿಚ್, ರೂಟರ್‌ಗಳ ಕಾನ್ಫಿಗರೇಶನ್ ತಾನಾಗಿ ಬ್ಯಾಕಪ್ ಆಗುವಂತೆ ಮಾಡುವ ಬಗೆ

ವಿರಾಜಪೇಟೆ ಬಳಿಯ ಕಾಫಿ ತೋಟವೊಂದರ ಕಚೇರಿಯಲ್ಲಿ, ಹೂಮಳೆಯ ಜೊತೆ ಬಂದ ಸಿಡಿಲಿಗೆ ಕಂಪ್ಯೂಟರ್‌ಗಳನ್ನು ಜೋಡಿಸುವ ಸಿಸ್ಕೊ ಸ್ವಿಚ್ ಸುಟ್ಟುಹೋದಾಗ, ಅದರ ಕಾನ್ಫಿಗರೇಶನ್‌ನ (ಹೊಂದಿಕೆಗಳ ಕಡತದ) ಪ್ರತಿ ನನ್ನಲ್ಲಿತ್ತು. ಆದರೆ ಅದು ಐದು ತಿಂಗಳಷ್ಟು ಹಳೆಯದು. ದಿನಕ್ಕೊಮ್ಮೆ ಬ್ಯಾಕಪ್ ಆಗುವಂತೆ ನಾನೇ ಹೊಂದಿಸಿದ್ದರೂ ಹೀಗಾಗಿತ್ತು.

ಕಾರಣ ಸರಳವಾಗಿತ್ತು. ಸಿಸ್ಕೊ ಸಾಧನಗಳ ಕಾರ್ಯಾಚರಣಾ ವ್ಯವಸ್ಥೆಯಾದ ಐಒಎಸ್‌ನ ಆರ್ಕೈವ್ ವಿಭಾಗದಲ್ಲಿ ಟೈಮ್-ಪೀರಿಯಡ್ 1440 ಎಂದು ಕೊಟ್ಟರೆ, ಸಾಧನವು ಗಡಿಯಾರದ ಹೊತ್ತನ್ನು ನೋಡದೆ, ನಿಮಿಷಗಳನ್ನು ಮಾತ್ರ ಎಣಿಸುತ್ತದೆ. ಸಿಡಿಲಿಗೆ ಹೆದರಿ ಕಚೇರಿಯವರು ಪ್ರತಿ ಸಂಜೆ ಕರೆಂಟಿನ ಮೇನ್ ಸ್ವಿಚ್ ಆರಿಸಿ ಹೋಗುತ್ತಿದ್ದುದರಿಂದ ಎಣಿಕೆ ದಿನವೂ ಮೊದಲಿನಿಂದ ಶುರುವಾಗಿ, ಆ ಐದು ತಿಂಗಳಲ್ಲಿ 1440 ನಿಮಿಷ ಒಮ್ಮೆಯೂ ತುಂಬಿರಲಿಲ್ಲ. ಆದ್ದರಿಂದ ಕರೆಂಟ್ ಪದೇಪದೇ ಹೋಗುವ ಕಡೆ ಈ ಅವಧಿಯನ್ನು 120 ನಿಮಿಷಕ್ಕೆ ಇಳಿಸಿ, ಅದರ ಜೊತೆಗೆ ರೈಟ್-ಮೆಮೊರಿ ಎಂಬ ಸಾಲನ್ನೂ ಸೇರಿಸಬೇಕು. ಆಗ ಬದಲಾವಣೆಯನ್ನು ಉಳಿಸಿದಾಗಲೆಲ್ಲ ಒಂದು ಪ್ರತಿ ಹೊರಗೆ ಹೋಗುತ್ತದೆ. ಉಳಿಸದ ಬದಲಾವಣೆ ರ್‍ಯಾಮ್‌ನಲ್ಲಿ ಮಾತ್ರ ಇರುತ್ತದೆ, ಕರೆಂಟ್ ಹೋದೊಡನೆ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಬಾರದು.

ನಾಲ್ಕೈದಕ್ಕಿಂತ ಹೆಚ್ಚು ಸಾಧನಗಳಿದ್ದರೆ, ಅವು ಕಳುಹಿಸಲಿ ಎಂದು ಕಾಯುವುದಕ್ಕಿಂತ, ಯುಪಿಎಸ್ ಇರುವ ಒಂದು ಲಿನಕ್ಸ್ ಯಂತ್ರವೇ ಎಸ್ಎಸ್ಎಚ್ (ಗೂಢಲಿಪಿಯಲ್ಲಿ ನಡೆಯುವ ದೂರಸಂಪರ್ಕ) ಮೂಲಕ ಹೋಗಿ ತರುವಂತೆ ಮಾಡುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಆಕ್ಸಿಡೈಸ್ಡ್ ಎಂಬ ಮುಕ್ತ ತಂತ್ರಾಂಶ ಸಾಕು. ಸಾಧನಗಳ ಹೆಸರು ಮತ್ತು ಮಾದರಿಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ, ಅದು ಮೊದಲಿಂದ ಇರುವ ಹೊಂದಿಕೆಯಂತೆ 3600 ಸೆಕೆಂಡಿಗೊಮ್ಮೆ ಎಲ್ಲವನ್ನೂ ಸುತ್ತಿ ಬರುತ್ತದೆ. ಕಡತಗಳ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಜೋಡಿಸಿದರೆ, ಬದಲಾದಾಗ ಮಾತ್ರ ಹೊಸ ಆವೃತ್ತಿ ಸೇರುವುದರಿಂದ, ಯಾವ ಸಾಲು ಯಾವಾಗ ಬದಲಾಯಿತು ಎಂಬುದೂ ಸಿಗುತ್ತದೆ. ಕರೆಂಟ್ ಇಲ್ಲದೆ ಒಂದು ಸುತ್ತು ತಪ್ಪಿದರೂ ಮುಂದಿನ ಸುತ್ತಿನಲ್ಲಿ ಪ್ರತಿ ಬಂದೇ ಬರುತ್ತದೆ.

ಮೈಕ್ರೋಟಿಕ್ ರೂಟರ್‌ಗಳಲ್ಲಿ ಬೈನರಿ ಬ್ಯಾಕಪ್ ಅದೇ ಸಾಧನಕ್ಕೆ ಮರಳಿ ಹಾಕಲು ಇರುವಂಥದ್ದು. ಸುಟ್ಟ ರೂಟರಿನ ಬದಲಿಗೆ ಬೇರೆ ಮಾದರಿ ತರಬೇಕಾದರೆ ಎಕ್ಸ್‌ಪೋರ್ಟ್ ಮಾಡಿದ ಪಠ್ಯವೇ ಬೇಕು.

ಬಂದ ಕಡತವನ್ನು ತೆರೆದು ನೋಡದೆ ನಂಬಬಾರದು. ಸಿಸ್ಕೊ ಕಾನ್ಫಿಗರೇಶನ್ ಎಂಡ್ ಎಂಬ ಪದದಿಂದ ಮುಗಿಯುತ್ತದೆ. ಕೊನೆಯ ಸಾಲಿನಲ್ಲಿ ಅದು ಇಲ್ಲದಿದ್ದರೆ ಪ್ರತಿ ಅರ್ಧಕ್ಕೇ ನಿಂತಿದೆ ಎಂದರ್ಥ. ಇನ್ನೊಂದು ಸೂಕ್ಷ್ಮವೂ ಇದೆ. ವಿಎಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ, ವಿಟಿಪಿ ಎಂದರೆ ವಿಎಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವ ಸಿಸ್ಕೊ ವ್ಯವಸ್ಥೆ. ಸ್ವಿಚ್ ವಿಟಿಪಿ ಸರ್ವರ್ ಮೋಡ್‌ನಲ್ಲಿದ್ದರೆ ವಿಎಲ್ಯಾನ್‌ಗಳ ಪಟ್ಟಿ ಫ್ಲ್ಯಾಶ್‌ನಲ್ಲಿರುವ ವಿಎಲ್ಯಾನ್.ಡ್ಯಾಟ್ ಎಂಬ ಬೇರೆಯೇ ಕಡತದಲ್ಲಿರುತ್ತದೆ. ಆ ತೋಟದಲ್ಲಿ ಹೊಸ ಸ್ವಿಚ್‌ಗೆ ಹಳೆಯ ಪ್ರತಿ ಹಾಕಿದ ಮೇಲೂ, ಟ್ರಂಕ್ (ಹಲವು ವಿಎಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿ) ಮೂಲಕ ಮಾತ್ರ ಹಾದುಹೋಗುತ್ತಿದ್ದ ಕ್ಯಾಮೆರಾಗಳ ವಿಎಲ್ಯಾನ್ ಕಾಣಲಿಲ್ಲ. ಅದನ್ನು ಕೈಯಾರೆ ಸೇರಿಸಬೇಕಾಯಿತು. ಮೋಡ್ ಅನ್ನು ಟ್ರಾನ್ಸ್‌ಪರೆಂಟ್‌ಗೆ ಬದಲಿಸಿದರೆ ಆ ಪಟ್ಟಿಯೂ ಮುಖ್ಯ ಕಾನ್ಫಿಗರೇಶನ್‌ನೊಳಗೇ ಬರುತ್ತದೆ.

ಈ ಕಡತಗಳಲ್ಲಿ ಪಾಸ್‌ವರ್ಡ್‌ಗಳಿರುತ್ತವೆ. ಕಡತ ಕಳುಹಿಸುವ ಸರಳ ವಿಧಾನವಾದ ಟಿಎಫ್‌ಟಿಪಿಗೆ ಲಾಗಿನ್ನೂ ಇಲ್ಲ, ಗೂಢಲಿಪಿಯೂ ಇಲ್ಲ. ಹಾಗಾಗಿ ಅದರ ಬದಲು, ಎಸ್ಎಸ್ಎಚ್ ಮೂಲಕವೇ ಕಡತ ಕಳುಹಿಸುವ ಎಸ್‌ಸಿಪಿ ಬಳಸಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ರಸ್ತೆಗಳೇ ಕಡಿದುಹೋಗಿದ್ದನ್ನು ನೆನೆದು, ಗಿಟ್ ಭಂಡಾರದ ಇನ್ನೊಂದು ಪ್ರತಿಯನ್ನು ಪ್ರತಿ ರಾತ್ರಿ ಮೈಸೂರಿನಂಥ ಬೇರೆ ಊರಿನ ಯಂತ್ರಕ್ಕೆ ಕಳುಹಿಸುವ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ಲಿನಕ್ಸ್ ಸೌಲಭ್ಯ) ಸಾಲೊಂದನ್ನು ಮುಂಗಾರಿಗೆ ಮೊದಲೇ ಹಾಕಿಡಿ.