ಬಿಳಿ ಅಕ್ಕಿಯ ಹಳ್ಳಿಯಿಂದ ಬೆಸಿಲಿಕಾದವರೆಗೆ

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾವನ್ನು, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚನ್ನು, ಆಸಕ್ತರಿಗೆ ಸುತ್ತಾಡಿ ತೋರಿಸುವುದು ನನ್ನ ಕೆಲಸ. ಶುರುವಿನಲ್ಲಿ ಎಲ್ಲರನ್ನೂ ನೇರವಾಗಿ 160 ಅಡಿ ಎತ್ತರದ ಗೋಪುರದ ಕೆಳಗೆ ನಿಲ್ಲಿಸುತ್ತಿದ್ದೆ. ಕತ್ತೆತ್ತಿ ನೋಡುತ್ತಿದ್ದರು, ಚಿತ್ರ ತೆಗೆಯುತ್ತಿದ್ದರು, ಅಷ್ಟೇ. ಒಮ್ಮೆ ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು: "ಇದು ಹಳ್ಳಿಯ ಗುಡಿಯಾಗಿತ್ತು ಎಂದಿರಲ್ಲಪ್ಪಾ, ಆ ಹಳ್ಳಿ ಎಲ್ಲಿ?"

ಆ ಪ್ರಶ್ನೆ ನನ್ನ ದಾರಿಯನ್ನೇ ಬದಲಿಸಿತು. ಈಗ ರಸೆಲ್ ಮಾರುಕಟ್ಟೆಯ ಎದುರು ನಿಂತು, ಹೆಸರಿನಿಂದ ಆರಂಭಿಸುತ್ತೇನೆ. ಶಿವಾಜಿನಗರದ ಹಳೆಯ ಹೆಸರು ಬ್ಲ್ಯಾಕ್‌ಪಳ್ಳಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿ ಎನ್ನುವವರಿದ್ದಾರೆ, ಬಿಳಿ ಹಕ್ಕಿಗಳ ಹಳ್ಳಿ ಎನ್ನುವವರೂ ಇದ್ದಾರೆ. ಬ್ರಿಟಿಷ್ ಸೇನೆಯ ದಂಡುಪ್ರದೇಶವನ್ನು ರೂಪಿಸಿದ ಬ್ಲ್ಯಾಕಿಸ್ಟನ್ ಎಂಬ ಅಧಿಕಾರಿಯ ಹೆಸರು ಎಂಬ ಮಾತೂ ಇದೆ. ನನ್ನ ಮನಸ್ಸು ಅಕ್ಕಿಯ ಕಡೆಗೇ ವಾಲುತ್ತದೆ. ಇಲ್ಲಿ ಮೊದಲು ಪೂಜೆ ನಡೆಸಿದವರು ತಮಿಳುನಾಡಿನ ಕಡೆಯಿಂದ ಬಂದು ನೆಲೆಸಿದ ದುಡಿಮೆಗಾರರು. ಅವರದು ಗುಡಿಸಲಿನ ಗುಡಿ. ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ 1813ರಲ್ಲಿ ಅಲ್ಲಿ ಪುಟ್ಟ ಪ್ರಾರ್ಥನಾಲಯ ಕಟ್ಟಿಸಿದರು.

ಅದರ ಜಾಗದಲ್ಲಿ ಫಾದರ್ ಕ್ಲೈನರ್ 1875ರಲ್ಲಿ ಆರಂಭಿಸಿದ ಕಟ್ಟಡವೇ ಈಗ ಕಾಣುವುದು. ಇದಿಷ್ಟನ್ನೂ ಹೇಳಿ ಮುಗಿಸಿದ ಮೇಲೆಯೇ ಗೋಪುರದ ಕಡೆಗೆ ಹೊರಡುತ್ತೇನೆ.

ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲಿಸುತ್ತೇನೆ. ಕಣ್ಣು ಮಬ್ಬಿಗೆ ಒಗ್ಗಬೇಕು, ಪ್ರಾರ್ಥಿಸುವವರಿಗೆ ತೊಂದರೆಯಾಗಬಾರದು. ಆಮೇಲೆ ಪಿಸುದನಿಯಲ್ಲಿ ಕಂಬದ ತುದಿ ನೋಡಿ ಎನ್ನುತ್ತೇನೆ. ಮೊನೆಚೂಪಾದ ಕಮಾನುಗಳು ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಯವು, ಎಲೆಗಳ ಕೆತ್ತನೆಯ ಕಂಬಗಳು ಪ್ರಾಚೀನ ಗ್ರೀಸಿನ ಕೊರಿಂಥಿಯನ್ ಬಗೆಯವು. ಎರಡನ್ನೂ ಒಟ್ಟಿಗೆ ಇಟ್ಟ ಕಟ್ಟಡಗಾರರ ಧೈರ್ಯ ನನಗೆ ಬಲು ಇಷ್ಟ. ಬಣ್ಣದ ಗಾಜುಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಚ್ಚಿಟ್ಟು, ನಂತರ ಮತ್ತೆ ಕೂರಿಸಿದ್ದರು ಎಂದು ಹೇಳಿದಾಗ ಮಕ್ಕಳು ಗಾಜನ್ನೇ ದಿಟ್ಟಿಸುತ್ತಾರೆ. ನೆಲದ ನಕ್ಷೆ ಶಿಲುಬೆಯಾಕಾರದ್ದು. ಅದನ್ನು ಮಾತಿನಲ್ಲಿ ವಿವರಿಸುವುದಿಲ್ಲ, ನಡೆಯುತ್ತಾ ತಾವೇ ಕಂಡುಕೊಳ್ಳಲಿ ಎಂದು ಬಿಡುತ್ತೇನೆ.

1882ರ ಸೆಪ್ಟೆಂಬರ್ 8ರಂದು ಚರ್ಚನ್ನು ಪ್ರತಿಷ್ಠಾಪಿಸಿದರು. 1973ರಲ್ಲಿ ಬೆಸಿಲಿಕಾ ಪದವಿ ಸಿಕ್ಕಿತು. ಪ್ರತಿವರ್ಷ ಸೆಪ್ಟೆಂಬರ್ 8ರಂದು ಸೀರೆ ಉಟ್ಟ ಮೇರಿ ಮಾತೆಯ ತೇರು ಬೀದಿಗೆ ಬರುತ್ತದೆ. ಅಂದು ನಾನು ಯಾರಿಗೂ ಏನನ್ನೂ ತೋರಿಸುವುದಿಲ್ಲ. ಮಾರುಕಟ್ಟೆಯ ಬದಿಯಲ್ಲಿ, ಎಲ್ಲರ ಜೊತೆ ತೇರಿಗೆ ಕಾಯುತ್ತಾ ನಿಲ್ಲುತ್ತೇನೆ.