ಪದ್ಮಿನಿ ರಿಪೇರಿ: ಮೊದಲು ರೋಗ, ಆಮೇಲೆ ಪಾರ್ಟು

ನನ್ನ ಹತ್ತಿರ ಇರುವುದು 1988ರ ಪ್ರೀಮಿಯರ್ ಪದ್ಮಿನಿ. ಪೆಟ್ರೋಲ್ ಗಾಡಿ, 1089 ಸಿಸಿ, ಸ್ಟಿಯರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಾಸನದಲ್ಲಿ ದಿನಾ ಓಡಿಸುತ್ತೇನೆ, ಶೋಕಿಗೆ ಇಟ್ಟಿದ್ದಲ್ಲ. ನೋಡಿದವರು ಕೇಳುವುದು ಎರಡೇ ಪ್ರಶ್ನೆ: ಮೈಲೇಜ್ ಎಷ್ಟು, ಪಾರ್ಟ್ಸ್ ಎಲ್ಲಿ ಸಿಗುತ್ತೆ? ಮೊದಲನೆಯದಕ್ಕೆ ನಕ್ಕು ಸುಮ್ಮನಾಗುತ್ತೇನೆ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ಪಾರ್ಟ್ ಹುಡುಕುವ ಮೊದಲು ಕೆಟ್ಟಿರುವುದು ಯಾವುದು ಅಂತ ಖಚಿತ ಆಗಬೇಕು. ಹಳೇ ಕಾರಿನವರ ದುಡ್ಡು ಜಾಸ್ತಿ ಹೋಗುವುದು ಚೆನ್ನಾಗಿರುವ ಪಾರ್ಟ್ ಬಿಚ್ಚಿ ಬಿಸಾಕುವುದರಲ್ಲೇ. ಗಾಡಿ ಬಿಸಿಗೆ ನಿಂತಿತು ಅಂತಿಟ್ಟುಕೊಳ್ಳಿ. ಪೆಟ್ರೋಲ್ ಪಂಪ್ ಹಾಕಿಸಿ ಅಂತಾರೆ. ಸರಿಹೋಗಲಿಲ್ಲ, ಕಿಡಿಗೆ ಕರೆಂಟು ಕೊಡುವ ಕಾಯಿಲ್ ಹಾಕಿಸಿ. ಅದೂ ಆಗಲಿಲ್ಲ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚೋಣ. ತೆಗೆದುಹಾಕಿದ ಪಂಪು ಒರಿಜಿನಲ್ ಆಗಿರುತ್ತೆ, ಹೊಸದಾಗಿ ಕೂತದ್ದು ಯಾವುದೋ ಲೋಕಲ್ ಮಾಲು. ಈಗ ಒಂದು ರೋಗ ಇದ್ದದ್ದು ಎರಡಾಯಿತು, ಅಲ್ವಾ?

ಬಿಸಿಗೆ ನಿಲ್ಲುವ ಕಥೆಯನ್ನೇ ಮೊದಲು ಹೇಳುತ್ತೇನೆ. ಪದ್ಮಿನಿ ಇಟ್ಟುಕೊಂಡವರು ಇದನ್ನು ನೋಡದೆ ಇರಲು ಸಾಧ್ಯವೇ ಇಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಗುಂಡ್ಯದಿಂದ ಮಾರನಹಳ್ಳಿ ಕಡೆಗೆ ಶಿರಾಡಿ ಘಾಟಿ ಹತ್ತುತ್ತಾ ಇರುತ್ತೀರಿ. ಮುಂದೆ ಟ್ಯಾಂಕರ್, ಅದರ ಹಿಂದೆ ಸೆಕೆಂಡ್ ಗೇರಿನಲ್ಲಿ ನೀವು. ಗಾಡಿ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಅರ್ಧ ಗಂಟೆ ಬಿಟ್ಟು ಹೊಡೆದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್. ಇದಕ್ಕೆ ಕಾರಣ ಎರಡು ಇರಬಹುದು. ಒಂದು ಏರ್ ಲಾಕ್, ಅಂದರೆ ಪೈಪಿನಲ್ಲಿ ಪೆಟ್ರೋಲ್ ಆವಿ ಕಟ್ಟಿಕೊಳ್ಳುವುದು. ಇನ್ನೊಂದು ಕರೆಂಟಿನ ಕಡೆಯ ಕಂಡೆನ್ಸರ್, ಇಲ್ಲವೇ ಕಾಯಿಲ್. ತಣ್ಣಗಾದ ಮೇಲೆ ಎಲ್ಲವೂ ತಾವೇ ಸರಿಹೋಗುವುದರಿಂದ ಗ್ಯಾರೇಜಿಗೆ ಹೋದಾಗ ಯಾವುದೂ ಕೈಗೆ ಸಿಗುವುದಿಲ್ಲ. ಹಾಗಾಗಿ ಗಾಡಿ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ನೋಡಬೇಕು.

ನಾನು ಮಾಡುವುದು ಇಷ್ಟು. ಏರ್ ಕ್ಲೀನರ್ ಮುಚ್ಚಳ ತೆಗೆದು ಕಾರ್ಬೊರೇಟರ್ ಗಂಟಲೊಳಗೆ ನೋಡುತ್ತಾ ಆಕ್ಸಿಲರೇಟರ್ ರಾಡನ್ನು ಕೈಯಲ್ಲಿ ಒಮ್ಮೆ ಜೋರಾಗಿ ಎಳೆಯುತ್ತೇನೆ. ಸೋಲೆಕ್ಸ್ ಕಾರ್ಬೊರೇಟರಿನಲ್ಲಿ ಸಣ್ಣ ನಳಿಕೆಯಿಂದ ಪೆಟ್ರೋಲ್ ಪಿಚಕಾರಿ ಥರ ಚಿಮ್ಮಬೇಕು. ಚಿಮ್ಮಿದರೆ ಒಳಗೆ ಪೆಟ್ರೋಲ್ ಇದೆ, ಪಂಪಿನ ತಂಟೆಗೆ ಹೋಗಬೇಡಿ. ಚಿಮ್ಮದಿದ್ದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೀರು ಚಿಮುಕಿಸಿ. ಐದು ನಿಮಿಷದೊಳಗೆ ಹತ್ತಿದರೆ ಅದು ಏರ್ ಲಾಕೇ. ಈ ಪಂಪು ಎಂಜಿನ್ ಮೈಗೇ ಕೂತಿರುತ್ತದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದುಕೊಳ್ಳಬೇಕು. ಎಳೆಯುವ ಕಡೆ ಒತ್ತಡ ಕಡಿಮೆ, ಮೇಲಿಂದ ಬಿಸಿ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿಬಿಡುತ್ತದೆ. ಆವಿಯನ್ನು ಎಳೆಯಲು ಆ ಪಂಪಿಗೆ ಆಗುವುದಿಲ್ಲ.

ಪೆಟ್ರೋಲ್ ಚಿಮ್ಮಿಯೂ ಹತ್ತದಿದ್ದರೆ ಕರೆಂಟು ನೋಡಬೇಕು. ಮೊದಲು ಏರ್ ಕ್ಲೀನರ್ ಮುಚ್ಚಿ, ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ, ಆರಲು ಬಿಡಿ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವೈರ್ ಕಿತ್ತು, ಪ್ಲಾಸ್ಟಿಕ್ ಹಿಡಿಯ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ಅದರ ತುದಿ ಎಂಜಿನ್ ಮೈಯಿಂದ ಅರ್ಧ ಸೆಂಟಿಮೀಟರ್ ದೂರ ಇರುವಂತೆ ಇಟ್ಟುಕೊಳ್ಳಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಹಾರಿದರೆ ಸರಿ. ಹಳದಿ ಬಣ್ಣದ ಸಪ್ಪೆ ಕಿಡಿ ಬಂದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಾಯಿಂಟ್, ಅಂದರೆ ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಸ್ವಿಚ್ಚು, ನೋಡಿ. ಪಾಯಿಂಟಿನ ಮುಖ ಸುಟ್ಟು ನೀಲಿಗಟ್ಟಿದ್ದರೆ, ಒಂದು ಕಡೆ ಗುಳಿ ಇನ್ನೊಂದು ಕಡೆ ಗುಡ್ಡೆ ಎದ್ದಿದ್ದರೆ, ಬಹುಪಾಲು ಕಂಡೆನ್ಸರ್ ಹೋಗಿದೆ ಅಂತಲೇ. ಉಪ್ಪುಕಾಗದದಲ್ಲಿ ತಿಕ್ಕಿ, ಗ್ಯಾಪ್ ಸುಮಾರು 0.4 ಮಿ.ಮೀ. ಇಟ್ಟು, ಕಂಡೆನ್ಸರ್ ಬದಲಾಯಿಸಿದರೆ ಗಾಡಿ ಹೊರಡುತ್ತದೆ.

ಪಾಯಿಂಟಿನ ಫೈಬರ್ ಸವೆಯುತ್ತಾ ಹೋದ ಹಾಗೆ ಗ್ಯಾಪ್ ಮುಚ್ಚಿಕೊಳ್ಳುತ್ತದೆ, ಕಿಡಿ ಹಾರುವ ಟೈಮಿಂಗ್ ಹಿಂದೆ ಬೀಳುತ್ತದೆ. ಪಿಕಪ್ ಇಲ್ಲ, ಎಂಜಿನ್ ಬೇಗ ಬಿಸಿಯಾಗುತ್ತೆ ಅನ್ನುವ ಎಷ್ಟೋ ದೂರುಗಳ ಬೇರು ಇಲ್ಲೇ ಇರುತ್ತದೆ. ಪಾಯಿಂಟನ್ನು ತೆರೆಯುವ ಕ್ಯಾಮ್ ಮೇಲೆ ಚೂರೇ ಚೂರು ಗ್ರೀಸ್ ಸವರಿ. ಜಾಸ್ತಿ ಸವರಿದರೆ ಅದು ಹಾರಿ ಪಾಯಿಂಟಿಗೇ ಮೆತ್ತಿಕೊಳ್ಳುತ್ತದೆ. ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡವರು ಬಹಳ ಜನ ಇದ್ದಾರೆ, ಚೆನ್ನಾಗಿಯೂ ಓಡುತ್ತದೆ. ನಾನು ಹಾಕಿಸಿಲ್ಲ. ಪಾಯಿಂಟ್ ಕೆಟ್ಟರೆ ಘಾಟಿಯಲ್ಲೇ ಸರಿಮಾಡಬಹುದು, ಆ ಡಬ್ಬಿ ಕೆಟ್ಟರೆ ಟೋಯಿಂಗ್ ಗಾಡಿ ಕಾಯಬೇಕು.

ಪೆಟ್ರೋಲಿನ ಕಡೆ ಈಗ ಹೊಸ ತಲೆನೋವು ಒಂದಿದೆ. ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20ರಷ್ಟು ಎಥನಾಲ್. ಹಳೇ ಕಾಲದ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಪೆಟ್ರೋಲ್ ಹೋಸ್ ಉಬ್ಬಿ ಮೆತ್ತಗಾಗುತ್ತದೆ, ಬಿಟ್ಟರೆ ಬಿರುಕು ಬಿಡುತ್ತದೆ. ಎಲ್ಲಾ ಹೋಸ್ ತೆಗೆದು ಎಥನಾಲ್ ತಡೆಯುವ ಫ್ಯೂಯಲ್ ಇಂಜೆಕ್ಷನ್ ಹೋಸ್ ಹಾಕಿದ್ದೇನೆ. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಯಾವ ಕಾರು ಅಂತ ಹೇಳಬೇಕಾಗೇ ಇಲ್ಲ. ಪಂಪಿನ ಒಳಗಿನ ಡಯಾಫ್ರಂ, ಅಂದರೆ ಪೆಟ್ರೋಲ್ ಎಳೆಯುವ ಪೊರೆ, ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದು ಹರಿದರೆ ಪೆಟ್ರೋಲ್ ನೇರ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಕಡಿಮೆಯಾಗುವ ಬದಲು ಮೇಲೇರಿದ್ದರೆ, ಮೂಗಿಗೆ ಪೆಟ್ರೋಲ್ ವಾಸನೆ ಹೊಡೆದರೆ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ತೆಳ್ಳಗಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ.

ಬಿಸಿಯಾಗುವುದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ರೇಡಿಯೇಟರ್ ಮೇಲ್ಗಡೆ ಸುಡುತ್ತಾ ಕೆಳಗಡೆ ತಣ್ಣಗಿದ್ದರೆ ಒಳಗೆ ಕಟ್ಟಿಕೊಂಡಿರಬಹುದು, ಇಲ್ಲವೇ ಎಂಜಿನ್ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಪೂರ್ತಿ ತೆರೆದುಕೊಳ್ಳುತ್ತಿಲ್ಲ. ನಮ್ಮ ಕಡೆ ಬೋರ್ ನೀರು ಸುರಿದು ಸುರಿದು ಒಳಗೆಲ್ಲ ಸುಣ್ಣದ ಪದರ. ಹಳೆಯದು ತಾಮ್ರ-ಹಿತ್ತಾಳೆ ರೇಡಿಯೇಟರ್, ಟ್ಯಾಂಕ್ ಬಿಚ್ಚಿ, ಕಡ್ಡಿ ಹಾಕಿ ಕ್ಲೀನ್ ಮಾಡಿ, ಮತ್ತೆ ಬೆಸುಗೆ ಹಾಕುವವರು ಇನ್ನೂ ಇದ್ದಾರೆ. ಬಿಸಾಕಬೇಡಿ. ಎಂಜಿನ್ ಓಡುವಾಗ ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಬಂದರೆ ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಆದರೆ ಕ್ಯಾಪನ್ನು ಎಂಜಿನ್ ತಣ್ಣಗಿರುವಾಗಲೇ ತೆಗೆದಿಟ್ಟು ಆಮೇಲೆ ಸ್ಟಾರ್ಟ್ ಮಾಡಿ, ಬಿಸಿ ಇರುವಾಗ ಮುಟ್ಟಬೇಡಿ. ಇನ್ನು, "ಥರ್ಮೋಸ್ಟಾಟ್ ತೆಗೆದುಬಿಡಿ ಸಾರ್, ನಮ್ಮ ದೇಶಕ್ಕೆ ಬೇಡ" ಅನ್ನುವವರ ಮಾತು ನಾನು ಕೇಳುವುದಿಲ್ಲ. ತಣ್ಣಗೆ ಓಡುವ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಸೆಲ್ಫ್ ಮೆಲ್ಲಗೆ ತಿರುಗುತ್ತೆ, ಹೆಡ್‌ಲೈಟ್ ಮಂಕು ಅಂದರೆ ಎಲ್ಲರೂ ಬ್ಯಾಟರಿ ಅಂಗಡಿಗೆ ಓಡುತ್ತಾರೆ. ಅದಕ್ಕೂ ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ. ಗಾಡಿ ನಿಂತಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.8ರಿಂದ 14.4 ಇದ್ದರೆ ಬ್ಯಾಟರಿ, ಚಾರ್ಜಿಂಗ್ ಎರಡೂ ಬಹುಪಾಲು ಸರಿ ಇವೆ ಅಂತಲೇ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಆಯಿತು.

ಇನ್ನು ಪಾರ್ಟಿನ ವಿಷಯ. ಈ ಕಾರು ಮೂಲದಲ್ಲಿ ಫಿಯಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು, 1974ರಲ್ಲಿ ಪದ್ಮಿನಿ ಅಂತ ಹೆಸರಾಯಿತು. ಅಂಗಡಿಯಲ್ಲಿ ಈಗಲೂ ಫಿಯಟ್ ಅಂತಲೇ ಕೇಳಬೇಕು. ತಯಾರಿಕೆ ನಿಂತು ಎರಡು ದಶಕ ದಾಟಿದ ಮೇಲೂ ಪಾರ್ಟ್ ಸಿಗುತ್ತಿದ್ದದ್ದು ಮುಂಬೈ ಟ್ಯಾಕ್ಸಿಗಳ ಪುಣ್ಯ. ಅಲ್ಲಿ ದಿನಾ ಓಡುವ ಗಾಡಿಗಳಿದ್ದವು, ಮಾಲು ಮಾಡುವವರಿಗೆ ಗಿರಾಕಿ ಇದ್ದರು. ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. 2023ರ ಅಕ್ಟೋಬರ್ ಕೊನೆಗೆ ಅದೂ ಮುಗಿಯಿತು. ಈಗ ನಡೆಯುತ್ತಿರುವುದು ಉಳಿದ ಸ್ಟಾಕ್‌ನ ಮೇಲೆ.

ನಾನು ಹೋಗುವುದು ಬೆಂಗಳೂರಿನ ಜೆ.ಸಿ. ರಸ್ತೆಗೆ, ಹಳೇ ಮಾಲು ಬೇಕಾದರೆ ಶಿವಾಜಿನಗರದ ಗುಜರಿಗೆ. ಜೆ.ಸಿ. ರಸ್ತೆಯಲ್ಲಿ ಗಾಜು ಹಾಕಿದ ದೊಡ್ಡ ಅಂಗಡಿ ಬಿಟ್ಟು, ಒಳಗೆ ಕತ್ತಲೆ ಇರುವ, ಗಲ್ಲಾದಲ್ಲಿ ವಯಸ್ಸಾದವರು ಕೂತಿರುವ ಅಂಗಡಿ ನೋಡಿ. ಹುಡುಗರನ್ನು ಕೇಳಿದರೆ ಕಂಪ್ಯೂಟರ್ ನೋಡಿ "ಇಲ್ಲ ಸಾರ್" ಅಂತಾರೆ. ಯಜಮಾನರ ಕೈಗೆ ಹಳೇ ಪಾರ್ಟ್ ಕೊಟ್ಟರೆ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮೇಲೆ ಅಟ್ಟದಲ್ಲಿ ನೋಡೋ, ಎಡಗಡೆ ಮೂಲೆ" ಅಂತ ಹುಡುಗನನ್ನು ಏಣಿ ಹತ್ತಿಸುತ್ತಾರೆ. ಅದಕ್ಕೇ ಬಿಚ್ಚಿದ ಪಾರ್ಟನ್ನು ತೊಳೆದು ಜೊತೆಗೆ ಒಯ್ಯಬೇಕು. ಫೋನಿನಲ್ಲಿ ಫೋಟೋ ತೋರಿಸಿದರೆ ಈ ಏಣಿ ಹತ್ತುವ ಕೆಲಸ ಆಗುವುದಿಲ್ಲ.

ಆದರೆ ಅಲ್ಲಿವರೆಗೆ ಹೋಗಬೇಕಾಗಿಲ್ಲದ ಪಾರ್ಟುಗಳೇ ಜಾಸ್ತಿ. ಬೇರಿಂಗ್ ತಗೊಳ್ಳಿ. ಪಕ್ಕದಲ್ಲಿ ನಂಬರ್ ಕೊರೆದಿರುತ್ತದೆ. 6203 ಅಂತಿದ್ದರೆ ಒಳಗೆ 17, ಹೊರಗೆ 40, ದಪ್ಪ 12 ಮಿ.ಮೀ., ಜಗತ್ತಿನಲ್ಲಿ ಎಲ್ಲಿ ಕೊಂಡರೂ ಅಷ್ಟೇ. ಪಂಪ್‌ಸೆಟ್ ಸಾಮಾನು ಮಾರುವ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿ ಫಿಯಟ್ ಅಂದರೆ ಕೈ ಅಲ್ಲಾಡಿಸುತ್ತಾರೆ, ನಂಬರ್ ಹೇಳಿದರೆ ಎತ್ತಿ ಕೊಡುತ್ತಾರೆ. ಆಯಿಲ್ ಸೀಲಿಗೂ ಹಾಗೆಯೇ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ. ಫ್ಯಾನ್ ಬೆಲ್ಟಿಗೆ ಅಗಲ ಮತ್ತು ಉದ್ದ. ಸ್ಪಾರ್ಕ್ ಪ್ಲಗ್ ನಮ್ಮವರು ಇನ್ನೂ ಮೈಕೋ ಅಂತಲೇ ಕೇಳುತ್ತಾರೆ. ಬೆಂಗಳೂರಿನ ಆ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿದೆ. ಪ್ಲಗ್ ಮೇಲಿನ ನಂಬರ್ ಬರೆದಿಟ್ಟುಕೊಂಡರೆ ಬೇರೆ ಕಂಪನಿಯಲ್ಲೂ ಸರಿಸಮಾನದ್ದು ಸಿಗುತ್ತದೆ. ಈ ನಂಬರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ಹತ್ತಾರು ವರ್ಷದ ಗಾಡಿ, ಯಾರು ಯಾವಾಗ ಯಾವ ಪಾರ್ಟ್ ಬದಲಾಯಿಸಿ ಹಾಕಿದ್ದಾರೋ ಗೊತ್ತಿಲ್ಲ. ಅದಕ್ಕೆ ಪುಸ್ತಕದ ನಂಬರಿಗಿಂತ ಬಿಚ್ಚಿದಾಗ ಕಂಡ ನಂಬರನ್ನೇ ನಾನು ನಂಬುತ್ತೇನೆ.

ಹಳೇ ಸ್ಟಾಕ್ ಅಂದ ತಕ್ಷಣ ಹಿಗ್ಗಬೇಡಿ. ಕಬ್ಬಿಣ, ಹಿತ್ತಾಳೆಯ ಮಾಲಾದರೆ ಹಳೆಯದೇ ಚಿನ್ನ. ಕ್ಯಾಲಿಪರ್ ಹಿಡಿದು ನೋಡಿ, ತುಕ್ಕಿಲ್ಲದಿದ್ದರೆ ಎತ್ತಿಕೊಳ್ಳಿ. ರಬ್ಬರ್ ಹಾಗಲ್ಲ. ಡಬ್ಬಿ ಒಡೆಯದೆ ಇದ್ದರೂ ಮೂವತ್ತು ವರ್ಷದ ರಬ್ಬರ್ ಗಟ್ಟಿಯಾಗಿರುತ್ತದೆ. ಬಗ್ಗಿಸಿದರೆ ಸಣ್ಣ ಗೆರೆ ಗೆರೆ ಬಿರುಕು ಕಾಣುತ್ತದೆ. ಬ್ರೇಕಿನ ರಬ್ಬರನ್ನಂತೂ ಹಳೇ ಸ್ಟಾಕ್ ಆಗಲಿ, ಗುಜರಿ ಆಗಲಿ, ನಾನು ಮುಟ್ಟುವುದೇ ಇಲ್ಲ. ಪೆಡಲ್ ಒತ್ತಿ ಹಿಡಿದಾಗ ಹೊರಗೆಲ್ಲೂ ಲೀಕ್ ಇಲ್ಲದೆ ಅದು ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಪೆಡಲ್ ಮೇಲೆ ಬಂದರೆ ಶೂ ಅಡ್ಜಸ್ಟ್ ಮಾಡಿಸಬೇಕು, ಇಲ್ಲವೇ ಗಾಳಿ ಸೇರಿದೆ. ಸಿಲಿಂಡರ್ ಒಳಗೆ ಗುಳಿ ಬಿದ್ದಿದ್ದರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನ ಇಲ್ಲ. ಕೊರೆದು ಒಳಗೆ ಸ್ಲೀವ್, ಅಂದರೆ ಲೋಹದ ಕೊಳವೆ, ಕೂರಿಸುವುದರಲ್ಲಿ ಕೈ ಪಳಗಿದವರ ಹತ್ತಿರವೇ ಕೊಡಿ. ಆಮೇಲೆ ಹೊಸ ಕಿಟ್, ಹೊಸ ಬ್ರೇಕ್ ಆಯಿಲ್.

ಲೇತ್ ಅಂಗಡಿಯವರನ್ನು ಪರಿಚಯ ಮಾಡಿಕೊಳ್ಳದೆ ಹಳೇ ಕಾರು ಇಟ್ಟುಕೊಳ್ಳಬಾರದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹ್ಯಾಂಡ್ ಗೇರಿನ ಲಿಂಕ್ ರಾಡುಗಳಲ್ಲಿ ಬುಷ್, ಅಂದರೆ ಪಿನ್ ಕೂರುವ ಉಂಗುರ, ಸವೆದರೆ ಗೇರ್ ನಡುವೆ ಸಿಕ್ಕಿಕೊಳ್ಳುತ್ತದೆ. ಬಾನೆಟ್ ಎತ್ತಿ ಲಿವರುಗಳನ್ನು ಕೈಯಲ್ಲಿ ಸಾಲಿಗೆ ತಂದರೆ ಬಿಡುತ್ತದೆ. ಸಿಗ್ನಲ್ಲಿನಲ್ಲಿ ಇದನ್ನು ಮಾಡುವಾಗ ಹಿಂದಿನವರು ಏನೇನು ಬೈಯುತ್ತಾರೆ ಅನ್ನುವುದು ಪದ್ಮಿನಿ ಇದ್ದವರಿಗೆ ಗೊತ್ತು. ಆ ಬುಷ್ ಅಂಗಡಿಯಲ್ಲಿ ಸಿಗಲಿಲ್ಲ. ನಮ್ಮೂರ ಲೇತಿನವರ ಹತ್ತಿರ ನೈಲಾನ್ ರಾಡ್ ಒಯ್ದೆ. "ಪಿನ್ ಎಲ್ಲಿದೆ? ಪಿನ್ ತಂದ್ರೆ ಮಾತ್ರ ಮಾಡೋದು" ಅಂದರು. ಸರಿಯಾದ ಮಾತು. ಪಿನ್ನೂ ಸವೆದಿರುತ್ತದೆ, ಬರೀ ಬುಷ್ ಅಳತೆಗೆ ಮಾಡಿದರೆ ಮತ್ತೆ ಅಲ್ಲಾಡುತ್ತದೆ. ಪಿನ್ನನ್ನು ಗುಂಡಗೆ ಮಾಡಿ, ಅದಕ್ಕೆ ತಕ್ಕ ಹಾಗೆ ಬುಷ್ ಕಡೆದುಕೊಟ್ಟರು. ಒಂದು ಜೊತೆ ಜಾಸ್ತಿಯೇ ಮಾಡಿಸಿ ಇಟ್ಟಿದ್ದೇನೆ.

ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ನೂ ಲೇತಿನವರದೇ ಕೆಲಸ. ಜ್ಯಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗಲೂ ಆಡಿದರೆ ಕಿಂಗ್‌ಪಿನ್, ನಿಂತರೆ ಬೇರಿಂಗ್. ಬೇರಿಂಗ್ ಆದರೆ ಬಿಗಿ ಮಾಡಿದರೂ ಸಾಕಾಗಬಹುದು. ಗ್ರೀಸ್ ನಿಪ್ಪಲ್ ಒರೆಸಿ, ಹಳೇ ಗ್ರೀಸ್ ಹೊರಗೆ ಬರುವವರೆಗೆ ಗನ್ ಹೊಡೆಯಿರಿ. ಇದನ್ನು ಸರ್ವೀಸ್‌ನವರು ಮಾಡುತ್ತಾರೆ ಅಂತ ಕಾಯಬೇಡಿ, ಈಗಿನ ಹುಡುಗರಿಗೆ ಕಾರಿನಲ್ಲಿ ನಿಪ್ಪಲ್ ಇರುತ್ತೆ ಅನ್ನುವುದೇ ಗೊತ್ತಿಲ್ಲ.

ನಿಜವಾಗಿ ಸಿಗದೇ ಇರುವುದು ಎಂಜಿನ್ ಸಾಮಾನಲ್ಲ, ಬಾಡಿ ಸಾಮಾನು. ಹಿಂದಿನ ಲೈಟಿನ ಗಾಜು, ಬಾಗಿಲ ಹಿಡಿ, ಕಿಟಕಿ ತಿರುಗಿಸುವ ಮೆಷಿನ್, ಕ್ರೋಮ್ ಪಟ್ಟಿ. ಇವನ್ನು ಲೇತಿನಲ್ಲಿ ಕಡೆಯಲು ಆಗುವುದಿಲ್ಲ. ಇದ್ದರೆ ಗುಜರಿಯಲ್ಲಿ, ಇಲ್ಲವೇ ಇನ್ನೊಬ್ಬ ಪದ್ಮಿನಿಯವರ ಮನೆಯಲ್ಲಿ. ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರ ಶೆಡ್ಡಿನಲ್ಲಿ ಬಾಡಿ ಪೂರ್ತಿ ತುಕ್ಕು ಹಿಡಿದ ಗಾಡಿ ಒಂದಿದೆ, ಗಾಜುಗಳೆಲ್ಲ ಸರಿಯಾಗಿವೆ. ನನ್ನ ಹತ್ತಿರ ಒಂದು ಕಾರ್ಬೊರೇಟರ್ ಜಾಸ್ತಿ ಇದೆ. ಅವರಿಗೆ ಅದು ಬೇಕು, ನನಗೆ ಎಡಗಡೆ ಹಿಂಬಾಗಿಲಿನ ಗಾಜು ಬೇಕು. ಮಳೆ ನಿಂತ ಮೇಲೆ ಬನ್ನಿ, ಬಿಚ್ಚಿಕೊಂಡು ಹೋಗಿ ಅಂದಿದ್ದಾರೆ.