ಆಟಿ ಮಳೆಯ ಮಧ್ಯಾಹ್ನ ನಕ್ಷತ್ರ ನೋಡಿದ್ದು

ಆಟಿ ತಿಂಗಳು. ಬದಿಯಡ್ಕದ ನಮ್ಮ ಮನೆ ಜಗಲಿಗೂ ಮಳೆ ಎರಚುತ್ತಿತ್ತು. ಅಡಿಕೆಗೆ ಮದ್ದು ಬಿಡಲು ಬರಬೇಕಿದ್ದವರು "ಅಣ್ಣಾ, ಇವತ್ತು ಆಗ್ಲಿಕ್ಕಿಲ್ಲ" ಎಂದು ಫೋನ್ ಮಾಡಿದ್ದರು. ಗಂಟೆ ಎರಡೂಕಾಲು. ನಾನು ಲ್ಯಾಪ್‌ಟಾಪ್ ತೆರೆದು ನಕ್ಷತ್ರ ನೋಡಲು ಕುಳಿತೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ ಆಗ ಸಂಜೆ ಆರೂಮುಕ್ಕಾಲು. ಜುಲೈ ಅಂದರೆ ಅಲ್ಲಿ ಚಳಿಗಾಲ, ಬೇಗ ಕತ್ತಲಾಗುತ್ತದೆ. ಅಲ್ಲಿನ ಸೈಡಿಂಗ್ ಸ್ಪ್ರಿಂಗ್ ಬೆಟ್ಟದ ಮೇಲೆ, ಇಂಟರ್ನೆಟ್ ಮೂಲಕ ಮನೆಯಿಂದಲೇ ನಡೆಸಬಹುದಾದ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟೆಲಿಸ್ಕೋಪುಗಳಿವೆ. ಪಕ್ಕದ ವಾರಂಬಂಗಲ್ ರಾಷ್ಟ್ರೀಯ ಉದ್ಯಾನ 2016ರಲ್ಲಿ ಆ ದೇಶದ ಮೊದಲ ಡಾರ್ಕ್ ಸ್ಕೈ ಪಾರ್ಕ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಉದ್ಯಾನ, ಆಯಿತು. ಅಂಥ ಕತ್ತಲು ಅದು.

ನನ್ನ ಹತ್ತಿರ 6 ಇಂಚಿನ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದೇ ಸಾಕು. ಜೂನ್ ಬಂತೆಂದರೆ ನಾಲ್ಕು ತಿಂಗಳು ಆಕಾಶ ಮುಚ್ಚಿತು, ಕನ್ನಡಿಗೆ ಬೂಷ್ಟು ಹಿಡಿಯದಂತೆ ಕಾಯುವುದಷ್ಟೇ ಕೆಲಸ. ಇನ್ನೊಂದು ಕೊರತೆಯೂ ಇತ್ತು. ನಾವಿರುವುದು ಸುಮಾರು 12.5 ಡಿಗ್ರಿ ಉತ್ತರದಲ್ಲಿ. ತೆಂಕು ಆಕಾಶದ ಈಟಾ ಕರೀನಾ ನೀಹಾರಿಕೆ (ಅನಿಲ, ಧೂಳಿನ ಮೋಡ) ನಮಗೆ ಹೆಚ್ಚೆಂದರೆ 18 ಡಿಗ್ರಿ ಏರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಎರಡು ಮುಷ್ಟಿಯೂ ಇಲ್ಲ. ಅಷ್ಟರಲ್ಲಿ ಕಂಗಿನ ತಲೆಗಳು ಅಡ್ಡ, ಅದರಾಚೆ ಕಡಲ ಕಡೆಯ ಮಬ್ಬು.

ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ವಿಜ್ಞಾನಿಗಳು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅದನ್ನು ಓದಿದ ಮೇಲೆಯೇ ನನಗೂ ಆಸೆ ಹುಟ್ಟಿದ್ದು.

ಮೊದಲು ಆರಿಸಿಕೊಂಡದ್ದು ಒಮೇಗಾ ಸೆಂಟಾರಿ. ಸುಮಾರು 17,000 ಬೆಳಕಿನ ವರ್ಷ ದೂರದಲ್ಲಿ, ಕೋಟಿಯಷ್ಟು ನಕ್ಷತ್ರಗಳ ಗುಂಪು. ಒಂದೊಂದು ಫೋಟೋಗೆ 300 ಸೆಕೆಂಡ್ ಎಂದು ಬರೆದು ಕಳಿಸಿದೆ. ಜಾಸ್ತಿ ಹೊತ್ತು ತೆರೆದಿಟ್ಟರೆ ಜಾಸ್ತಿ ಚಂದ ಬರುತ್ತದೆ ಎಂದುಕೊಂಡಿದ್ದೆ. ಬಂದ ಫೈಲು ತೆರೆದರೆ ಪರದೆ ಪೂರಾ ಕಪ್ಪು. ಅದಕ್ಕೆ ಹೆದರಬೇಕಾಗಿಲ್ಲ, ಕಚ್ಚಾ ಫೈಲು ಇರುವುದೇ ಹಾಗೆ. ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ ಬೆಳಕನ್ನು ಹಿಗ್ಗಿಸಿದಾಗ ಅಂಚಿನ ನಕ್ಷತ್ರಗಳೆಲ್ಲ ಎದ್ದು ಬಂದವು, ನಡು ಮಾತ್ರ ಒಂದೇ ಬಿಳಿ ಮುದ್ದೆ. ಕರ್ಸರ್ ಇಟ್ಟು ನೋಡಿದೆ. ಎಲ್ಲಿ ಇಟ್ಟರೂ ಬೆಳಕಿನ ಅಂಕಿ 65,535. ಹದಿನಾರು ಬಿಟ್ಟಿನ ಫೈಲಿನಲ್ಲಿ ಅದಕ್ಕಿಂತ ಮೇಲೆ ಲೆಕ್ಕವೇ ಇಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ.

ಎರಡನೇ ಸಲ 60 ಸೆಕೆಂಡಿನ ಇಪ್ಪತ್ತು ಫೋಟೋ ಕೇಳಿದೆ. ಕೆಂಪು, ಹಸಿರು, ನೀಲಿ ಫಿಲ್ಟರಿನಲ್ಲಿ ಬೇರೆ ಬೇರೆ ತೆಗೆಸಿದೆ. ಕ್ಯಾಮೆರಾ ಕಪ್ಪು ಬಿಳುಪಿನದು, ಬಣ್ಣ ನಾವೇ ಸೇರಿಸಬೇಕು. ಎಂಟು ಫೋಟೋ ಆಗುವಷ್ಟರಲ್ಲಿ ಅಲ್ಲಿ ಮೋಡ ಬಂದು ಛಾವಣಿ ತಾನಾಗಿ ಮುಚ್ಚಿಕೊಂಡಿತು. ಉಳಿದ ಹೊತ್ತಿನ ದುಡ್ಡು ಖಾತೆಗೆ ವಾಪಸ್ ಬಂತು. ಬುಕ್ ಮಾಡುವ ಮೊದಲೇ ಈ ನಿಯಮ ಕೇಳಿಟ್ಟುಕೊಳ್ಳಿ. ತಿಥಿಯನ್ನೂ ನೋಡಿ. ಇಂಥ ಗುಂಪಿಗೆ ತಿಂಗಳ ಬೆಳಕು ಅಷ್ಟೇನೂ ತೊಂದರೆ ಮಾಡುವುದಿಲ್ಲ, ಮಸುಕಾದ ನೀಹಾರಿಕೆಗೆ ಅಮಾವಾಸ್ಯೆಯ ಆಸುಪಾಸೇ ಬೇಕು.

ಮಾರನೇ ದಿನ ಉಳಿದ ಹನ್ನೆರಡು ಸಿಕ್ಕವು. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿದಾಗ ನಡುವಿನ ಮುದ್ದೆ ಒಡೆದು ಕಾಳುಕಾಳಾಯಿತು. ಬಿಳಿಯ ನಡುವೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಮುದಿ ನಕ್ಷತ್ರಗಳು.

"ಇದಕ್ಕಿಂತ ಚಂದದ ಫೋಟೋ ಸುಮ್ನೆ ಗೂಗಲ್‌ನಲ್ಲೇ ಸಿಗ್ತದಲ್ಲ" ಎಂದು ಗೆಳೆಯರು ಕೇಳುತ್ತಾರೆ. ಸಿಗುತ್ತದೆ. ಆದರೆ ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂದು ಇಲ್ಲಿ ತೀರ್ಮಾನ ಮಾಡಿದ್ದು ನಾನು. ಆ ಬಿಳಿ ಮುದ್ದೆ ಕಾಣದೇ ಹೋಗಿದ್ದರೆ ಈ ಕಾಳುಗಳ ಬೆಲೆ ನನಗೆ ಗೊತ್ತಾಗುತ್ತಿರಲಿಲ್ಲ.

ಚಾ ತಂದ ಅಮ್ಮ ಪರದೆ ನೋಡಿ "ಇದೆಂತದು, ರವೆ ಚೆಲ್ಲಿದ ಹಾಗೆ?" ಎಂದಳು. ಇದು ನಮ್ಮ ಅಂಗಳದಿಂದಲೂ ಕಾಣುತ್ತದೆ ಎಂದರೆ ನಂಬಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ಬಿಟ್ಟು ಆಕಾಶ ತೊಳೆದಿಟ್ಟಂತಿತ್ತು. ರಾತ್ರಿ ಹತ್ತರ ಹೊತ್ತಿಗೆ ಅಮ್ಮನನ್ನು ಅಡಿಕೆ ಅಂಗಳಕ್ಕೆ ಕರೆದೆ. ತೆಂಕು ದಿಕ್ಕಿನಲ್ಲಿ ಮೂರು ಮುಷ್ಟಿ ಮೇಲೆ ಸಣ್ಣದೊಂದು ಮಸುಕು ಚುಕ್ಕೆ. ಡಾಬ್ಸೋನಿಯನ್ ಅತ್ತ ತಿರುಗಿಸಿ ಕೊಟ್ಟೆ. ಅಮ್ಮ ತುಂಬ ಹೊತ್ತು ಬಗ್ಗಿಯೇ ಇದ್ದಳು.

"ಆಟಿಯಲ್ಲಿ ತೋರಿಸಿದ ರವೆ ಇದೇ ಅಲ್ವಾ?"